ಇಂಗ್ಲೆಂಡಿನಲ್ಲಿ ಗಂಟಲು ಕಟ್ಟಿದ ವರ್ಷ

ಹೊರಡುವ ಮುಂಚೆ

ಇಂಗ್ಲೆಂಡಿಗೆ ಹೋಗಿ ಬಂದವರು ಅಲ್ಲಿನ ಹಸಿರನ್ನು, ಶಿಸ್ತನ್ನು, ರಸ್ತೆಗಳ ಅಚ್ಚುಕಟ್ಟನ್ನು ಹೊಗಳುತ್ತಾರೆ. ನಾನೂ ಒಂದು ವರ್ಷ ಇದ್ದು ಬಂದೆ. ನನಗೆ ಮೊದಲು ನೆನಪಾಗುವುದು ಆಯಾಸ. ನಿದ್ದೆ ಸಾಲದ ಬೆಳಗು, ಒಣಗದ ಸೀರೆಯಂಚು, ಕಟ್ಟಿದ ಗಂಟಲು. ಹಸಿರು ಇದ್ದಿರಬಹುದು. ಚಳಿಗಾಲವೆಲ್ಲ ನಾನು ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮನೆ ಸೇರಿದವಳು.

ಮೈಸೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಇಂಗ್ಲಿಷ್ ಟೀಚರ್. ನನ್ನ ತರಗತಿಯಲ್ಲಿ ಅರವತ್ತಕ್ಕೆ ಕಮ್ಮಿ ಮಕ್ಕಳು ಯಾವ ವರ್ಷವೂ ಇರಲಿಲ್ಲ. ಪಕ್ಕದ ತರಗತಿಗೂ ನಮಗೂ ನಡುವೆ ಗೋಡೆಯಿಲ್ಲ, ಒಂದು ಬಿದಿರು ತಡಿಕೆ ಮಾತ್ರ. ಆ ಕಡೆ ಮೇರಿ ಟೀಚರ್ ಭೂಗೋಳ ಹೇಳುತ್ತಿದ್ದರು. ಅವರ ನದಿಗಳು ನನ್ನ ಪದ್ಯದೊಳಕ್ಕೆ ಹರಿಯದಂತೆ ನಾನು ದನಿ ಏರಿಸಬೇಕು, ನನ್ನ ಪದ್ಯ ಅವರ ನದಿಗೆ ಬೀಳದಂತೆ ಅವರು ಏರಿಸಬೇಕು. ಹೀಗೆ ವರ್ಷಗಟ್ಟಲೆ ಏರಿಸಿ ಏರಿಸಿ ನನ್ನ ಗಂಟಲು ಹಳೆಯ ತಿದಿಯಂತಾಗಿತ್ತು. ದೊಡ್ಡಾಸ್ಪತ್ರೆಯ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಹೀಗೇ ಕಿರುಚ್ತಾ ಇದ್ರೆ ದನಿ ಪೂರ್ತಿ ಹೋಗ್ಬುಡುತ್ತೆ ಕಣಮ್ಮ. ಬೇರೆ ಏನಾದ್ರೂ ಕೆಲಸ ನೋಡ್ಕೊಳ್ಳಿ" ಎಂದರು.

ಆಗಲೇ ಸರ್ಕಾರದವರು ಪರದೇಶದವರಿಗೆ ಇಂಗ್ಲಿಷ್ ಕಲಿಸುವ ಕ್ರಮದಲ್ಲಿ ತರಬೇತಿ ಪಡೆಯಲು ಒಬ್ಬರನ್ನು ಕಳಿಸುವ ಮಾತು ಬಂದದ್ದು. ನನಗಿಂತ ಹಿರಿಯರಾದ ಇಬ್ಬರು ಮೇಷ್ಟ್ರುಗಳಲ್ಲಿ ಒಬ್ಬರು ಮಗಳ ಬಾಣಂತನವೆಂದು, ಇನ್ನೊಬ್ಬರು ಚಳಿಯೆಂದು ಹಿಂದೆ ಸರಿದರು. ಸರದಿ ನನಗೆ ಬಂತು. ಸರ್ಟಿಫಿಕೇಟು ತಂದರೆ ಮೈಸೂರಿನಲ್ಲೇ ಹೊಸದಾಗಿ ತೆರೆಯುವ ತರಬೇತಿ ಕೇಂದ್ರದಲ್ಲಿ ಕೆಲಸ. ಹತ್ತು ಹನ್ನೆರಡು ಜನ ಟೀಚರುಗಳ ಸಣ್ಣ ಗುಂಪು, ಕುರ್ಚಿಯಲ್ಲಿ ಕೂತು ಮೆಲ್ಲಗೆ ಮಾತಾಡಿದರೆ ಸಾಕು. ತಾರದಿದ್ದರೆ ಮತ್ತೆ ಅದೇ ತಡಿಕೆಯ ಪಕ್ಕ. ಲಂಡನ್ ನೋಡುವ ಆಸೆ ನನಗೆ ಅಷ್ಟೇನೂ ಇರಲಿಲ್ಲ. ಆ ಕುರ್ಚಿಯ ಆಸೆ ಇತ್ತು.

ನಮ್ಮೂರು ಇಲವಾಲಕ್ಕೆ ಹೋಗಿ ಅವ್ವನಿಗೆ ಹೇಳಿದೆ. ಅವ್ವ ರಾಗಿ ಬೀಸುವುದನ್ನು ನಿಲ್ಲಿಸಲಿಲ್ಲ.

"ಅಲ್ಲ ಕಣವ್ವ, ಅಲ್ಲಿರೋರ್ಗೆಲ್ಲ ಇಂಗ್ಲೀಸು ಬತ್ತದಲ್ಲ, ನೀ ಓಗಿ ಯಾರ್ಗೆ ಕಲ್ಸೀಯೆ?" ಎಂದಳು.

ರಾಗಿಹಿಟ್ಟಿನ ಡಬ್ಬ ಕಟ್ಟಿಸಿಕೊಂಡು ಬಂದೆ.

ರೈಲು ಹತ್ತಿಸಲು ಮೇರಿ ಟೀಚರ್ ಬಂದಿದ್ದರು. ಅವರು ನನಗಿಂತ ಹತ್ತು ವರ್ಷ ದೊಡ್ಡವರು. "ಗಂಟ್ಲು ಜೋಪಾನ ಕಣೇ ಲಕ್ಷ್ಮೀ. ಅಲ್ಲಿ ಹೋಗಿ ನಮ್ ಥರ ಕಿರುಚ್ಬೇಡ. ಅವ್ರಿಗೆ ಕಿವಿ ಚೆನ್ನಾಗ್ ಕೇಳ್ಸುತ್ತೆ" ಎಂದು ಹೇಳಿ, ಕಿಟಕಿಯೊಳಗೆ ಕೈ ತೂರಿಸಿ ಒಂದು ಪೊಟ್ಟಣ ಕಾಳುಮೆಣಸು ಕೊಟ್ಟರು. ಅವರ ದನಿಯೂ ಒಡೆದಿತ್ತು. ಗಂಟಲಿನ ದೋಷವೋ ಅಳುವೋ ಗೊತ್ತಾಗಲಿಲ್ಲ.

ಹಡಗಿನಲ್ಲಿ

ಹಡಗಿನ ಬಗ್ಗೆ ಹೆಚ್ಚು ಬರೆಯಲಾರೆ. ಬೊಂಬಾಯಿ ಕಣ್ಮರೆಯಾದ ಮೇಲೆ ನಾನು ಮಲಗಿದವಳು ಸೂಯೆಜ್ ಹತ್ತಿರ ಎದ್ದೆ. ಇಲವಾಲದ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಒಂದು ದಿನವೂ ಹೊಟ್ಟೆ ತೊಳಸದ ನನಗೆ ಸಮುದ್ರ ಬುದ್ಧಿ ಕಲಿಸಿತು. ಡೆಕ್ಕಿನ ಮೇಲೆ ಬಿಳಿಯರು ಉದ್ದುದ್ದ ಕುರ್ಚಿಗಳಲ್ಲಿ ಒರಗಿ ದಿನವೆಲ್ಲ ನೀರು ನೋಡುತ್ತಿದ್ದರು. ಕೆಲಸವಿಲ್ಲದೆ ಸುಮ್ಮನೆ ಕೂರುವುದಕ್ಕೂ ಅಭ್ಯಾಸ ಬೇಕು ಎಂದು ಅವರನ್ನು ನೋಡಿದಾಗ ಅನ್ನಿಸಿತು.

ಹಡಗಿನಲ್ಲೇ ಒಂದು ಸಂಗತಿ ಗಮನಕ್ಕೆ ಬಂತು. ತಲೆ ಎತ್ತಲಾಗದೆ ಮಲಗಿದ್ದಾಗ ಉಪಚಾರಕ್ಕೆ ಬಂದ ಸ್ಟೂವರ್ಡ್‌ಗೆ ಇಂಗ್ಲಿಷಿನಲ್ಲಿ, "ನನಗೆ ಸ್ವಲ್ಪ ಬಿಸಿ..." ಎಂದೆ. ಅಷ್ಟು ಹೇಳುವುದರಲ್ಲಿ ಉಸಿರು ಮುಗಿಯಿತು. ನಮ್ಮ ಮನೆಯಲ್ಲಾದರೆ 'ಬಿಸಿ' ಬಾಯಿಂದ ಬೀಳುವಷ್ಟರಲ್ಲಿ "ನೀರಾ? ಕಾಫಿನಾ? ಕಷಾಯ ಕಾಯ್ಸ್ಲಾ?" ಎಂದು ಮೂರು ಕಡೆಯಿಂದ ಕೇಳಿರುತ್ತಿದ್ದರು. ಆ ಸ್ಟೂವರ್ಡ್ ತಟ್ಟೆ ಹಿಡಿದುಕೊಂಡು ನೆಟ್ಟಗೆ ನಿಂತ. ಕಾದ. ಇನ್ನಷ್ಟು ಕಾದ. ಕೊನೆಗೆ "ನಿಧಾನವಾಗಿ ಯೋಚಿಸಿ ಹೇಳಿ ಮೇಡಂ" ಎಂದು ಬಾಗಿಲು ಎಳೆದುಕೊಂಡು ಹೋದ. ಆ ದಿನ ನನಗೆ ಬಿಸಿಯಾದದ್ದು ಏನೂ ಸಿಗಲಿಲ್ಲ.

ಆ ಜನ ಇನ್ನೊಬ್ಬರ ಮಾತನ್ನು ತಾವು ಮುಗಿಸುವುದಿಲ್ಲ. ಅದು ಅವರ ಮರ್ಯಾದೆ. ನಮ್ಮಲ್ಲಿ ಮುಗಿಸದೆ ಸುಮ್ಮನೆ ನಿಂತವರನ್ನು ಕಲ್ಲುಕಂಬ ಎನ್ನುತ್ತೇವೆ.

ಮಿಸೆಸ್ ಡಾಬ್ಸನ್ ಮನೆ

ನಾನು ಇದ್ದ ಊರು ಉತ್ತರ ಇಂಗ್ಲೆಂಡಿನ ಒಂದು ಉಣ್ಣೆ ಗಿರಣಿಯ ಊರು. ಹೆಸರು ಬೇಡ. ನನ್ನ ದೂರುಗಳು ಅಲ್ಲಿಯವರ ಕಿವಿಗೆ ಬಿದ್ದರೆ ಮಿಸೆಸ್ ಡಾಬ್ಸನ್ ನೊಂದುಕೊಂಡಾರು. ಆಕೆ ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಮುದುಕಿ, ವಿಧವೆ. ಬೆಕ್ಕಿನ ಹೊರತು ಯಾರನ್ನೂ ಗದರುತ್ತಿರಲಿಲ್ಲ.

ಮಸಿ ಬಳಿದಂಥ ಕಲ್ಲಿನ ಮನೆಗಳು ಒಂದಕ್ಕೊಂದು ಅಂಟಿಕೊಂಡು ಗುಡ್ಡ ಹತ್ತುತ್ತಿದ್ದವು. ಮನೆಯಿಂದ ಕಾಲೇಜಿಗೆ ಇಳಿಜಾರು, ಕಾಲೇಜಿನಿಂದ ಮನೆಗೆ ಏರು. ಚಾಮುಂಡಿ ಬೆಟ್ಟವನ್ನು ವರ್ಷಕ್ಕೊಮ್ಮೆ ಹತ್ತಿ ಪುಣ್ಯ ಕಟ್ಟಿಕೊಳ್ಳುವ ನಾನು ಅಲ್ಲಿ ದಿನವೂ ಹತ್ತಿದೆ, ಪುಣ್ಯದ ಮಾತೇ ಇಲ್ಲ. ಸೀರೆಯ ಅಂಚು ಬೆಳಗ್ಗೆ ನೆನೆದರೆ ಸಂಜೆಯವರೆಗೂ ಕಾಲಿಗೆ ತಣ್ಣಗೆ ಬಡಿಯುತ್ತಿತ್ತು. ತಲೆ ಸ್ನಾನ ಮಾಡಿ ಹಸಿಗೂದಲಲ್ಲೇ ಹೊರಗೆ ಹೋದ ಮೊದಲ ಭಾನುವಾರವೇ ನೆಗಡಿ ಹಿಡಿಯಿತು. ಅದು ನನ್ನನ್ನು ಬಿಟ್ಟದ್ದು ವಾಪಸು ಬರುವಾಗ ಏಡನ್ ದಾಟಿದ ಮೇಲೆ.

ನಾಲಿಗೆ ಕೆಟ್ಟ ಒಂದು ಸಂಜೆ ಮಿಸೆಸ್ ಡಾಬ್ಸನ್ ಮನೆಯಲ್ಲಿಲ್ಲದ ಹೊತ್ತು ನೋಡಿ ಅವ್ವನ ರಾಗಿಹಿಟ್ಟು ತೆಗೆದು, ಅವರ ಪಾತ್ರೆಯಲ್ಲಿ ಎಸರಿಟ್ಟು, ಮರದ ಚಮಚದಲ್ಲೇ ತಿರುವಿ ಮುದ್ದೆ ಮಾಡಿದೆ. ನೆಂಚಿಕೊಳ್ಳಲು ಸಾರಿಲ್ಲ, ಡಬ್ಬಿಯ ಟೊಮೆಟೊ ಸೂಪು. ತಿನ್ನುವಾಗ ಕಣ್ಣು ತುಂಬಿತು. ಅಷ್ಟರಲ್ಲಿ ಬಂದ ಮಿಸೆಸ್ ಡಾಬ್ಸನ್ ಪಾತ್ರೆಯ ತಳದಲ್ಲಿ ಹತ್ತಿದ್ದ ಕಂದು ಸೀಕನ್ನು ಚಾಕುವಿನಿಂದ ಕೆರೆದು ನೋಡಿ, "ಗೋಡೆಯ ಬಿರುಕು ನೀವೇ ಮುಚ್ಚಬೇಕಿರಲಿಲ್ಲ, ನಾನು ಆಳು ಕರೆಸುತ್ತಿದ್ದೆ" ಎಂದರು. ಅದು ಊಟವೆಂದು ತಿಳಿದ ಮೇಲೆ ಬಹಳ ನಾಚಿಕೊಂಡರು. ಆಮೇಲೆ ಪ್ರತಿ ಶನಿವಾರ ಪಾತ್ರೆಯನ್ನು ಒಲೆಯ ಮೇಲಿಟ್ಟು ಅಂಗಡಿಗೆ ಹೋಗುತ್ತಿದ್ದರು.

ಮಿಸ್ ವಿಂಟರ್ ಅವರ ಪಾಠ

ನಮ್ಮ ತರಬೇತಿ ನಡೆಸುತ್ತಿದ್ದವರು ಮಿಸ್ ವಿಂಟರ್. ಎತ್ತರದ ಹೆಂಗಸು, ಬೂದು ಬಣ್ಣದ ಕೋಟು, ಎಂದೂ ಏರದ ದನಿ. ಅವರ ಕ್ರಮದಲ್ಲಿ ತರ್ಜುಮೆ ಮಾಡುವಂತಿಲ್ಲ, ವ್ಯಾಕರಣ ಹೇಳುವಂತಿಲ್ಲ. ವಸ್ತು ತೋರಿಸಬೇಕು, ಕೆಲಸ ಮಾಡಿ ತೋರಿಸಬೇಕು, ಮಾಡುತ್ತಲೇ ಇಂಗ್ಲಿಷಿನಲ್ಲಿ ಹೇಳಬೇಕು. ಬಾಗಿಲು ತೆಗೆಯುವಾಗ ಬಾಗಿಲು ತೆಗೆಯುತ್ತಿದ್ದೇನೆ ಎನ್ನಬೇಕು. ಘಾನಾ, ಟರ್ಕಿ, ಬರ್ಮಾಗಳಿಂದ ಬಂದಿದ್ದ ನಾವೆಲ್ಲ ತಲೆ ನರೆತ ಮೇಲೆ ಬಾಗಿಲು ತೆಗೆದು ಹಾಕಿ ಮಾಡುತ್ತ, ಅದನ್ನು ಸಾರಿ ಹೇಳುತ್ತ ಆ ಚಳಿಗಾಲ ಕಳೆದೆವು.

ನನ್ನ ಮೊದಲ ಪಾಠಕ್ಕೆ ಅವರು ಹಿಂದೆ ಕೂತು ಕೇಳಿದರು. ಮುಗಿದ ಮೇಲೆ ಎರಡು ದೋಷ ಹೇಳಿದರು. ಒಂದು, ನಾನು ಕಿರುಚುತ್ತೇನೆ. ಮೇರಿ ಟೀಚರ್ ಹೇಳಿದ್ದೇ. ಎರಡನೆಯದು ನನಗೆ ಅರ್ಥವಾಗಲು ಹೊತ್ತು ಹಿಡಿಯಿತು.

"ನೀವು ವಾಕ್ಯವನ್ನು ಮುಗಿಸುವುದೇ ಇಲ್ಲ" ಎಂದರು.

ನಮ್ಮ ಕಡೆ ಮೇಷ್ಟ್ರ ಕೈಲಿ ಓದಿದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. "ಕಾವೇರಿ ಹುಟ್ಟುವುದು ತಲಕಾ..." ಎಂದು ಮೇಷ್ಟ್ರು ರಾಗವೆಳೆದು ನಿಲ್ಲಿಸುತ್ತಾರೆ. "ವೇರೀ!" ಎಂದು ತರಗತಿ ಕೂಗುತ್ತದೆ. ವಾಕ್ಯದ ತಲೆ ಮೇಷ್ಟ್ರದು, ಬಾಲ ಮಕ್ಕಳದು. ನನಗೆ ಇದನ್ನು ಯಾರೂ ಕಲಿಸಲಿಲ್ಲ. ನನ್ನ ಮೇಷ್ಟ್ರು ಹೀಗೆ ಹೇಳಿದರು, ನಾನೂ ಹೀಗೆ ಹೇಳಿದೆ. ಅರವತ್ತು ಮಕ್ಕಳ ಮುಂದೆ ದಿನವೆಲ್ಲ ನಿಲ್ಲುವವಳ ಗಂಟಲಿಗೆ ಸಿಗುವ ವಿಶ್ರಾಂತಿ ಆ ಒಂದು ಪದದಷ್ಟೇ. ಮಕ್ಕಳು ಕೂಗುವಾಗ ಉಸಿರು ಎಳೆದುಕೊಳ್ಳುತ್ತೇವೆ.

ಮಿಸ್ ವಿಂಟರ್‌ಗೆ ಇಷ್ಟನ್ನೂ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಕೇಳಿ, "ಗುಂಪಿನಲ್ಲಿ ಬರುವ ದನಿ ಯಾರದೆಂದು ನಿಮಗೆ ಹೇಗೆ ತಿಳಿಯುತ್ತದೆ? ಗೊತ್ತಿಲ್ಲದವರು ಅದರ ಹಿಂದೆ ಅಡಗಿಕೊಳ್ಳುತ್ತಾರೆ. ಒಬ್ಬೊಬ್ಬರೂ ಒಬ್ಬರೇ ಮಾತಾಡಬೇಕು. ಪರೀಕ್ಷೆಯಲ್ಲಿ ಇದನ್ನು ಮಾಡಿದರೆ ತೇರ್ಗಡೆ ಮಾಡಲಾಗದು" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಅದಕ್ಕೇ ನನಗೆ ಹೆಚ್ಚು ಸುಸ್ತಾಯಿತು.

ಸಂಜೆ ಶಾಲೆ

ಅವ್ವನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸಂಜೆ ಶಾಲೆಯಲ್ಲಿ. ಇಂಗ್ಲೆಂಡಿನಲ್ಲೂ ಇಂಗ್ಲಿಷ್ ಬಾರದವರಿದ್ದರು. ಇಟಲಿಯಿಂದ, ಪೋಲೆಂಡಿನಿಂದ, ಸೈಪ್ರಸ್ಸಿನಿಂದ ಗಿರಣಿ ಕೆಲಸಕ್ಕೆ ಬಂದವರು. ದಿನವೆಲ್ಲ ಮಗ್ಗದ ಗದ್ದಲದಲ್ಲಿ ನಿಂತು, ಸಂಜೆ ಕೂದಲಲ್ಲಿ ಉಣ್ಣೆಯ ಎಳೆ ಅಂಟಿಸಿಕೊಂಡೇ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಅವರಿಗೆ ಪಾಠ ಹೇಳಿ ನಾವು ಅಭ್ಯಾಸ ಮಾಡಿಕೊಳ್ಳಬೇಕು. ನನ್ನ ಪರೀಕ್ಷೆಯೂ ಅವರ ಮುಂದೆಯೇ.

ಅವರ ಆಕಳಿಕೆ ನೋಡಿದರೆ ನನಗೂ ಆಕಳಿಕೆ. ಎರಡೂ ಕಡೆ ಇಷ್ಟು ದಣಿದಿದ್ದ ತರಗತಿಯನ್ನು ನಾನು ಮೈಸೂರಿನಲ್ಲೂ ಕಂಡಿರಲಿಲ್ಲ.

ಅವರಲ್ಲಿ ಕಾರ್ಮೆಲಾ ಎಂಬ ಇಟಲಿಯ ಹೆಂಗಸು. ನನ್ನ ವಯಸ್ಸೇ ಇರಬೇಕು. ತಪ್ಪದೆ ಬರುತ್ತಿದ್ದಳು, ಕೋಟು ಕಳಚಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು, ಒಂದು ಮಾತೂ ಆಡದೆ ಎದ್ದು ಹೋಗುತ್ತಿದ್ದಳು. ಹೆಸರು ಹಿಡಿದು ಕೇಳಿದರೆ ಕತ್ತಿನವರೆಗೆ ಕೆಂಪಾಗಿ ನೆಲ ನೋಡುತ್ತಿದ್ದಳು. ಆಕೆಯ ದನಿ ಹೇಗಿದೆಯೆಂದು ಆ ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಶಾಲೆಯಲ್ಲಿ ಹೀಗೆ ಕೂರುವ ಹುಡುಗಿಯರು ಎಷ್ಟೋ ಜನ. ಅವರೂ ಕೂಗುವ ಹೊತ್ತಿನಲ್ಲಿ ಎಲ್ಲರ ಜೊತೆ ಕೂಗುತ್ತಾರೆ. ಇಲ್ಲಿ ಕೂಗುವ ಹೊತ್ತೇ ಇರಲಿಲ್ಲ.

ಪರೀಕ್ಷೆಯ ದಿನ

ಪರೀಕ್ಷೆಗೆ ನನಗೆ ಸಿಕ್ಕ ಪಾಠ ಮಾರ್ಕೆಟ್ಟು. ಮಿಸೆಸ್ ಡಾಬ್ಸನ್ ತಮ್ಮ ಬುಟ್ಟಿ ಕೊಟ್ಟರು. ಈರುಳ್ಳಿ, ಆಲೂಗೆಡ್ಡೆ, ಕೋಸು, ನಿಂಬೆಹಣ್ಣು ತೆಗೆದುಕೊಂಡು ಹೋದೆ. ದೇವರಾಜ ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣನ್ನು ಮೂಸಿ, ಒತ್ತಿ, ಜಗಳ ಕಾದು ತರುತ್ತೇವೆ. ಅಲ್ಲಿ ಅಂಗಡಿಯವನು ತಾನೇ ಆರಿಸಿ ಕಾಗದದಲ್ಲಿ ಸುತ್ತಿ ಕೊಟ್ಟ, ಮುಟ್ಟಲೂ ಬಿಡಲಿಲ್ಲ.

ಗಂಟಲು ಬೆಳಗಿನಿಂದಲೇ ಕಟ್ಟಿತ್ತು. ಮೇರಿ ಟೀಚರ್ ಕೊಟ್ಟ ಮೆಣಸಿನಲ್ಲಿ ಕೊನೆಯ ಹಿಡಿ ಕುಟ್ಟಿ ಕಷಾಯ ಮಾಡಿ ಕುಡಿದಿದ್ದೆ. ಹಿಂದಿನ ಬೆಂಚಿನಲ್ಲಿ ಮಿಸ್ ವಿಂಟರ್, ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು. ಅರ್ಧ ಪಾಠ ಕ್ರಮವಾಗಿಯೇ ನಡೆಯಿತು. ಒಬ್ಬೊಬ್ಬರನ್ನೇ ಕೇಳಿದೆ, ಒಬ್ಬೊಬ್ಬರೇ ಹೇಳಿದರು. ಈರುಳ್ಳಿಯನ್ನು ಎತ್ತಿ ಹಿಡಿದು, "ಐ ಆಮ್ ಪುಟಿಂಗ್ ದಿ ಆನಿಯನ್ ಇನ್ ದ..." ಎಂದೆ.

ಅಲ್ಲಿಗೆ ದನಿ ನಿಂತಿತು. ಬೇಕೆಂದು ನಿಲ್ಲಿಸಿದ್ದಲ್ಲ. ಬಾಯಿ ತೆರೆದೇ ಇದೆ, ಗಾಳಿ ಹೊರತು ಏನೂ ಬರುತ್ತಿಲ್ಲ. ಕೈಯಲ್ಲಿ ಈರುಳ್ಳಿ ಹಿಡಿದು ನಿಂತೆ. ಕಣ್ಣ ಮುಂದೆ ಬಿದಿರು ತಡಿಕೆ ಬಂತು. ಮುಗಿಯಿತು, ಇನ್ನು ಸಾಯುವವರೆಗೆ ಅದರ ಪಕ್ಕವೇ ಎಂದುಕೊಂಡೆ.

"ಬಾಸ್ಕೆಟ್!" ಎಂದಿತು ತರಗತಿ.

ಎಲ್ಲರೂ ಒಟ್ಟಿಗೆ. ಇಷ್ಟು ವಾರ ಎಷ್ಟು ಬಿಗಿಹಿಡಿದರೂ ನನ್ನ ರಾಗ ಅವರ ಕಿವಿಗೆ ಹತ್ತಿರಬೇಕು. ಯಾರಿಗೆ ಗೊತ್ತು, ಅವರ ಊರುಗಳಲ್ಲೂ ಮೇಷ್ಟ್ರುಗಳು ಹೀಗೇ ಇದ್ದರೇನೋ. ಈರುಳ್ಳಿಯನ್ನು ಬುಟ್ಟಿಗೆ ಹಾಕಿದೆ. ಉಸಿರು ಬಂತು. ನಿಂಬೆಹಣ್ಣು ಎತ್ತಿದೆ, ಪಿಸುದನಿಯಲ್ಲೇ ಅರ್ಧ ಹೇಳಿದೆ. "ಬಾಸ್ಕೆಟ್!" ಕೋಸು ಎತ್ತಿದೆ. "ಬಾಸ್ಕೆಟ್!" ಆಮೇಲೆ ನಾನು ಬರೀ ತರಕಾರಿ ಎತ್ತಿದರೆ ಸಾಕು, ಇಡೀ ವಾಕ್ಯವನ್ನು ಅವರೇ ಮಗ್ಗಿ ಒಪ್ಪಿಸುವಂತೆ ಹೇಳತೊಡಗಿದರು. ಆ ಗದ್ದಲದ ನಡುವೆ ಹೊಸದೊಂದು ದನಿ ಕೇಳಿಸಿತು. ದಪ್ಪ ದನಿ, ಸ್ವಲ್ಪ ಗೊಗ್ಗರು. ತಿರುಗಿ ನೋಡಿದರೆ ಕಾರ್ಮೆಲಾ. ಕೋಟು ತೊಡೆಯಿಂದ ಜಾರಿ ನೆಲಕ್ಕೆ ಬಿದ್ದಿತ್ತು, ಅವಳು ಅದನ್ನು ಗಮನಿಸಿರಲಿಲ್ಲ. ನನಗೆ ಆದ ಸಂತೋಷವನ್ನು ಹೇಳಲಾರೆ. ಆ ಒಂದು ವರ್ಷದಲ್ಲಿ ಆಯಾಸ ಮರೆತದ್ದು ಅಷ್ಟು ಹೊತ್ತು ಮಾತ್ರ.

ಪರೀಕ್ಷಕರು ಎದ್ದು ಬಂದು ಸೌಜನ್ಯದಿಂದಲೇ, "ಪಾಠ ಮಾಡಿದ್ದು ತರಗತಿ. ನೀವಲ್ಲ" ಎಂದರು. ನಮ್ಮಲ್ಲಿ ಇನ್ಸ್‌ಪೆಕ್ಟರು ಹೀಗೆಂದಿದ್ದರೆ ಹೊಗಳಿದರೆಂದು ಮನೆಯಲ್ಲಿ ಪಾಯಸ ಮಾಡುತ್ತಿದ್ದೆ. ಅಲ್ಲಿ ಅದರ ಅರ್ಥ ನಾನು ಫೇಲು ಎಂದು.

ಮತ್ತೆ ಅದೇ ಬುಟ್ಟಿ

ಮಿಸ್ ವಿಂಟರ್ ಕೆಟ್ಟವರಲ್ಲ. ಕಾಯಿಲೆಯ ಕಾರಣ ಹೇಳಿ ಎರಡು ವಾರ ಬಿಟ್ಟು ಇನ್ನೊಂದು ಅವಕಾಶ ಕೊಡಿಸಿದರು. "ಇದೇ ಕೊನೆ" ಎಂದೂ ಹೇಳಿದರು. ಮಿಸೆಸ್ ಡಾಬ್ಸನ್ ಆ ಎರಡು ವಾರ ನನಗೆ ಬಾಯಿ ತೆರೆಯಲು ಬಿಡದೆ ಜೇನು, ನಿಂಬೆರಸ, ಬಿಸಿನೀರು ಕುಡಿಸಿದರು. ಮಾತಿಲ್ಲದೆ ನಾವಿಬ್ಬರೂ ಒಲೆಯ ಮುಂದೆ ಕೂರುತ್ತಿದ್ದೆವು. ಗಂಟಲಿಗೆ ಅಷ್ಟು ರಜೆ ಹುಟ್ಟಿದ ಮೇಲೆ ಸಿಕ್ಕಿದ್ದು ಅದೇ ಮೊದಲು.

ಅದೇ ಬುಟ್ಟಿ, ಅದೇ ತರಕಾರಿ. ಈ ಸಲ ಪ್ರತಿ ವಾಕ್ಯವನ್ನೂ ಬಾಲದವರೆಗೆ ನಾನೇ ಹೇಳಿದೆ. ತರಗತಿ ಬಾಯಿ ತೆರೆದಾಗ ಕೈಯೆತ್ತಿ ತಡೆದೆ. ಒಬ್ಬೊಬ್ಬರನ್ನೇ ಎಬ್ಬಿಸಿದೆ. ಕಾರ್ಮೆಲಾಳ ಸರದಿ ಬಂತು. ನಿಂಬೆಹಣ್ಣನ್ನು ಅವಳ ಕೈಗೆ ಕೊಟ್ಟು ಕೇಳಿದೆ. ಎದ್ದು ನಿಂತಳು, ಬಾಯಿ ತೆರೆದಳು, ಅಕ್ಕಪಕ್ಕ ನೋಡಿದಳು. ಅಕ್ಕಪಕ್ಕದವರು ನನ್ನ ಕೈ ನೋಡಿ ಸುಮ್ಮನಿದ್ದರು. ಕೆಂಪು ಕತ್ತಿನವರೆಗೆ ಇಳಿಯಿತು. ನಾನು ಮೊದಲ ನಾಲ್ಕು ಪದ ಎತ್ತಿಕೊಟ್ಟು ನಿಲ್ಲಿಸಿದ್ದರೆ ಸಾಕಿತ್ತು. ನಿಲ್ಲಿಸಲಿಲ್ಲ. ಕ್ರಮದ ಪ್ರಕಾರ ಸ್ವಲ್ಪ ಕಾದು, ಮುಗುಳ್ನಕ್ಕು, ಪಕ್ಕದವನನ್ನು ಕೇಳಿದೆ. ಅವಳು ನಿಂಬೆಹಣ್ಣು ಹಿಡಿದುಕೊಂಡೇ ಕೂತಳು.

ತೇರ್ಗಡೆಯಾಯಿತು. ಪರೀಕ್ಷಕರು ಕೈ ಕುಲುಕಿದರು.

ತರಗತಿ ಚದುರಿದ ಮೇಲೆ ಕಾರ್ಮೆಲಾ ನನ್ನ ಹತ್ತಿರ ಬಂದಳು. ನಿಂಬೆಹಣ್ಣನ್ನು ಬುಟ್ಟಿಗೆ ಹಾಕಲಿಲ್ಲ, ನನ್ನ ಅಂಗೈಯಲ್ಲಿಟ್ಟಳು. ಆಮೇಲೆ ತನ್ನ ಗಂಟಲನ್ನು ಮುಟ್ಟಿ, ನನ್ನ ಗಂಟಲನ್ನು ತೋರಿಸಿ, ಹಿಂಡಿ ಕುಡಿ ಎನ್ನುವಂತೆ ಬೆರಳಲ್ಲಿ ಸನ್ನೆ ಮಾಡಿ ಹೋದಳು. ಮತ್ತೆ ಅವಳನ್ನು ನೋಡಲಿಲ್ಲ.

ಮನೆಯಲ್ಲಿ ಮಿಸೆಸ್ ಡಾಬ್ಸನ್ ಚಹಾ ಮಾಡಿಕೊಂಡು ಕಾಯುತ್ತಿದ್ದರು. "ಪಾಸಾಯಿತು. ಆದರೆ..." ಎಂದೆ. ಅವರು ಕಪ್ಪನ್ನು ಕೆಳಗಿಟ್ಟು ನಾನು ಮುಗಿಸಲೆಂದು ಕಾದರು. ಚಹಾ ಆರಿತು. ಅವರ ಮರ್ಯಾದೆ ಅವರು ಬಿಡಲಿಲ್ಲ, ನನಗೆ ಮುಗಿಸಲು ಆಗಲಿಲ್ಲ.

ಮೈಸೂರು

ರೈಲಿಳಿದಾಗ ಜಟಕಾ ಹಿಡಿದು ನಿಂತಿದ್ದವರು ಮೇರಿ ಟೀಚರ್. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲ ಕಣೇ, ದಪ್ಪ ಆಗಿ ಬರ್ತೀಯ ಅಂದ್ಕೊಂಡಿದ್ರೆ ಒಣಗಿ ಬಂದಿದೀಯ. ಅಲ್ಲಿ ಊಟಕ್ಕೆ ಹಾಕ್ತಿರ್ಲಿಲ್ವಾ?" ಎಂದರು. ಅವ್ವ ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿ, "ಅಂಗಾರೆ ಇನ್ ಮ್ಯಾಕೆ ನೀ ಕಿರುಚಂಗಿಲ್ವಾ?" ಎಂದು ಕೇಳಿದಳು. ಇಲ್ಲ ಕಣವ್ವ ಎಂದೆ.

ತರಬೇತಿ ಕೇಂದ್ರದ ಮೊದಲ ದಿನ ಹೋಗಿ ನೋಡಿದರೆ ಸಣ್ಣ ಗುಂಪೂ ಇಲ್ಲ, ಕುರ್ಚಿಯೂ ಇಲ್ಲ. ಇಲವಾಲದಿಂದ, ಶ್ರೀರಾಂಪುರದಿಂದ, ಇನ್ನೂ ದೂರದ ಊರುಗಳಿಂದ ಬಂದ ಮೇಷ್ಟ್ರುಗಳೂ ಟೀಚರುಗಳೂ ಒಂದು ತಗಡಿನ ಸೂರಿನ ಹಾಲ್‌ನಲ್ಲಿ ಕಿಕ್ಕಿರಿದಿದ್ದರು. ನನ್ನ ತರಗತಿಯ ಮಕ್ಕಳಿಗಿಂತ ಹೆಚ್ಚೇ ಇದ್ದರು. ಕಿಟಕಿಯಲ್ಲೂ ಕೆಲವರು. ಬಿಸಿಲಿಗೆ ತಗಡು ಚಟಚಟ ಎನ್ನುತ್ತಿತ್ತು. ಮುಂದಿನ ಸಾಲಿನಲ್ಲಿ ಮೇರಿ ಟೀಚರ್, ಬೀಸಣಿಗೆ ಆಡಿಸುತ್ತ. ಭೂಗೋಳದ ಜೊತೆಗೆ ಇಂಗ್ಲಿಷೂ ಹೇಳಬೇಕೆಂದು ಅವರನ್ನೂ ತರಬೇತಿಗೆ ಹಾಕಿದ್ದರು.

ನನಗೆ ನಗು ಬಂತು, ಅಳುವೂ ಬಂತು. ಎರಡಕ್ಕೂ ತ್ರಾಣವಿರಲಿಲ್ಲ. ದನಿ ಏರಿಸಿ ಶುರು ಮಾಡಿದೆ. ಹೊಸ ಕ್ರಮ ವಿವರಿಸಿದೆ. ವಸ್ತು ತೋರಿಸಬೇಕು, ಒಬ್ಬೊಬ್ಬರನ್ನೇ ಮಾತಾಡಿಸಬೇಕು ಎಂದೆ. ಅರ್ಧ ಗಂಟೆಯಲ್ಲಿ ಗಂಟಲು ಉರಿಯತೊಡಗಿತು. ಹೇಳಲೇಬೇಕಾದ ಮಾತು ಇನ್ನೂ ಉಳಿದಿತ್ತು.

"ಎಲ್ಲಕ್ಕಿಂತ ಮುಖ್ಯವಾಗಿ, ಇನ್ನು ಮುಂದೆ ನಾವು ತರಗತಿಯಲ್ಲಿ ವಾಕ್ಯವನ್ನು ಯಾವತ್ತೂ ಅರ್ಧಕ್ಕೇ..." ಎಂದೆ. ಉಸಿರು ಸಾಲದೆ ನಿಂತೆ.

"ನಿಲ್ಲಿಸಬಾರದು!" ಎಂದಿತು ಇಡೀ ಹಾಲ್.

ತಗಡು ಅದುರಿತು. ಯಾರೂ ನಗಲಿಲ್ಲ, ತಮಾಷೆಗೆ ಹೇಳಿದ್ದಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು ಎಲ್ಲರೂ ಮುಂದಿನ ಮಾತಿಗೆ ಮುಖವೆತ್ತಿ ಕಾಯುತ್ತಿದ್ದರು. ಹಿಂದಿನ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದ, ಬೆಳಗಿನಿಂದ ತನ್ನ ಹೆಸರನ್ನೂ ಗಟ್ಟಿಯಾಗಿ ಹೇಳದಿದ್ದ ಹಳ್ಳಿಯ ಟೀಚರಮ್ಮ ಒಬ್ಬಳ ಬಾಯಿ ಇನ್ನೂ ಮುಚ್ಚಿರಲಿಲ್ಲ. ಕೈಯೆತ್ತಿ ತಡೆಯಬೇಕೆಂದು ನನಗೆ ಗೊತ್ತಿತ್ತು. ಆ ಕೈಯಲ್ಲಿ ನೀರಿನ ಲೋಟವಿತ್ತು.

"ನೀರ್ ಕುಡಿಯೇ ಲಕ್ಷ್ಮೀ, ನಾವೆಲ್ಲ ಇದೀವಿ" ಎಂದರು ಮೇರಿ ಟೀಚರ್.

ಕುಡಿದೆ. ಲೋಟ ಕೆಳಗಿಟ್ಟು ಮುಂದಿನ ವಾಕ್ಯ ಶುರು ಮಾಡಿದೆ. ಕೊನೆಯ ಪದವನ್ನು ಅವರಿಗೇ ಬಿಟ್ಟೆ.